‘ಸಾಕು’ ಅಂದರೆ ‘ಹಾಕು’ ಅಂತ ಕೇಳಿಸುವವರು: ಎಡೆದೊರೆ ನಾಡಿನ ತೋಪು ಮತ್ತು ಕಿವಿಯ ಕಥೆ

ಹೋದ ವರ್ಷ ಲಿಂಗಸುಗೂರು ಕಡೆಯ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನಮ್ಮ ದೊಡ್ಡಪ್ಪ ಗೋಧಿ ಹುಗ್ಗಿ ಬಡಿಸುತ್ತಿದ್ದರು. ಎಪ್ಪತ್ತು ದಾಟಿದರೂ ಪಂಕ್ತಿ ನಡೆಸುವುದೆಂದರೆ ಅವರಿಗೆ ಹುರುಪು. ಬೀಗರ ಕಡೆಯವರೊಬ್ಬರು ಎಲೆ ತುಂಬಿದ್ದು ನೋಡಿ ‘ಸಾಕು ಸಾಕು’ ಅಂದರು. ದೊಡ್ಡಪ್ಪ ಇನ್ನೊಂದು ಸೌಟು ಹಾಕಿದರು. ಅವರು ಇನ್ನೂ ಜೋರಾಗಿ ‘ಸಾಕ್ರೀ’ ಅಂದರು. ಇವರು ನಗುತ್ತ ಮತ್ತೊಂದು ಸೌಟು ಹಾಕಿದರು. ಪಂಕ್ತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ದೊಡ್ಡಮ್ಮ ಮಾತ್ರ ನಗಲಿಲ್ಲ. ‘ಅವ್ರಿಗೆ ಸಾಕು ಅನ್ನೋದು ಹಾಕು ಅಂತ ಕೇಳಸ್ತೈತಿ ತಮ್ಮಾ, ಮೂವತ್ತು ವರ್ಷ ಆತು’ ಅಂದರು.

ದೊಡ್ಡಪ್ಪ ಮಿಲಿಟರಿಯಲ್ಲಿ ತೋಪಿನ ದಳದಲ್ಲಿದ್ದವರು. 130 ಎಂ.ಎಂ. ತೋಪಿಗೆ ಗುಂಡು ತುಂಬುವ ತಂಡದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಹವಾಲ್ದಾರ್ ಆಗಿ ನಿವೃತ್ತರಾದರು. ಊರಿನಲ್ಲಿ ಅವರನ್ನು ‘ಮಿಲಿಟ್ರಿ’ ಅಂತ ಕರೆಯುವವರು ಅರ್ಧ, ಬೆನ್ನ ಹಿಂದೆ ‘ಕೆಪ್ಪ’ ಅನ್ನುವವರು ಅರ್ಧ. ಆ ಮದುವೆಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ವಾಪಸಾಗುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು. ಐನೂರು ವರ್ಷಗಳಿಂದ ತೋಪು ಹಾರಿಸಿಕೊಂಡು ಬಂದ ಸೀಮೆ ನಮ್ಮದು. ಆ ತೋಪಿನ ಪಕ್ಕ ನಿಂತವರ ಕಿವಿ ಏನಾಯಿತು? ಅವರು ಕಿವಿ ಕಾಪಾಡಿಕೊಳ್ಳಲು ಏನಾದರೂ ಮಾಡುತ್ತಿದ್ದರೇ?

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕೆ ಹಳೆಯ ಹೆಸರು ಎಡೆದೊರೆ ನಾಡು. ಚರಿತ್ರೆ ಪುಸ್ತಕದವರು ರಾಯಚೂರು ದೋಆಬ್ ಅನ್ನುತ್ತಾರೆ. ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು ಇದಕ್ಕಾಗಿ ಬಡಿದಾಡಿದ್ದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಲಿಂಗಸುಗೂರು ತಾಲ್ಲೂಕಿನಲ್ಲೇ ಮುದಗಲ್ ಕೋಟೆ ಇದೆ, ಕೃಷ್ಣೆಯ ನಡುಗಡ್ಡೆಯಲ್ಲಿ ಜಲದುರ್ಗ ಇದೆ. ಆದರೆ ಮದ್ದು ಗುಂಡಿನ ವಿಷಯಕ್ಕೆ ಬಂದರೆ ಎದ್ದು ಕಾಣುವ ವರ್ಷ 1520.

ಆ ವರ್ಷ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಬಿಡಿಸಲು ಇಸ್ಮಾಯಿಲ್ ಆದಿಲ್‌ಶಾಹ ಕೃಷ್ಣೆ ದಾಟಿ ಬಂದ. ಈ ಯುದ್ಧದ ಬಗ್ಗೆ ನಮಗೆ ಸಿಗುವ ದೊಡ್ಡ ವರದಿ ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯದು. ಅವನು ವಿಜಯನಗರಕ್ಕೆ ಬಂದದ್ದು ಯುದ್ಧ ಮುಗಿದು ಹದಿನೈದು ವರ್ಷದ ಮೇಲೆ. ಅಂದರೆ ಅವನೂ ನಮ್ಮ ಹಾಗೆ ಕಂಡವರನ್ನು ಕೇಳಿ ಬರೆದವನು. ಒಂಥರಾ ಸ್ಟ್ರಿಂಗರ್ ಅನ್ನಬಹುದು. ಅವನ ವರದಿಯನ್ನು 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ರಾಬರ್ಟ್ ಸ್ಯೂವೆಲ್, ತಿಥಿ ವಾರಗಳನ್ನೆಲ್ಲ ಲೆಕ್ಕ ಹಾಕಿ ಕದನದ ದಿನ 1520ರ ಮೇ 19 ಎಂದು ಹೇಳಿದ.

ನೂನಿಜ್ ಲೆಕ್ಕ ಕೊಡುವುದರಲ್ಲಿ ಧಾರಾಳಿ. ಕೋಟೆಯೊಳಗೆ 200 ದೊಡ್ಡ ತೋಪು, ಚಿಕ್ಕವು ಬೇರೆ. ಆದಿಲ್‌ಶಾಹ ತನ್ನ ತೋಪುಗಳನ್ನೇ ನಂಬಿಕೊಂಡು ಬಂದಿದ್ದ. ಅವನ್ನೆಲ್ಲ ಒಟ್ಟಿಗೇ ಹಾರಿಸಿದಾಗ ವಿಜಯನಗರದ ಮುಂಚೂಣಿ ಮುರಿದು ಹಿಂದಕ್ಕೆ ಓಡಿತು. ರಾಯ ತಾನೇ ಕುದುರೆ ಏರಿ ಎರಡನೆಯ ಸಾಲನ್ನು ನುಗ್ಗಿಸಿದ. ಆಗಿನ ತೋಪಿಗೆ ಒಮ್ಮೆ ಹಾರಿಸಿದ ಮೇಲೆ ಮತ್ತೆ ಮದ್ದು ತುಂಬಲು ಬಹಳ ಹೊತ್ತು ಬೇಕು. ಕದನ ತಿರುಗಿತು. ಕೊನೆಗೆ ರಾಯನ ಕೈಗೆ 400 ದೊಡ್ಡ ತೋಪು, ಅವುಗಳ 900 ಬಂಡಿ ಸಿಕ್ಕವು ಎನ್ನುತ್ತಾನೆ. ಆಮೇಲೆ ಮುತ್ತಿಗೆ ಮುಂದುವರಿದಾಗ ಕ್ರಿಸ್ತೋವಾವ್ ದ ಫಿಗೆರೆದೊ ಎಂಬವನು 20 ಬಂದೂಕುಧಾರಿಗಳೊಂದಿಗೆ ಬಂದು, ಗೋಡೆಯ ಮೇಲೆ ತಲೆ ಎತ್ತಿದವರನ್ನು ಹೊಡೆದು ಉರುಳಿಸಿದ. ಕೋಟೆಯ ಅಧಿಕಾರಿಯೇ ಇಣುಕಿ ನೋಡುವಾಗ ಹಣೆಗೆ ಗುಂಡು ತಗುಲಿ ಸತ್ತ. ಈ ಯುದ್ಧದ ಮೇಲೆ ರಿಚರ್ಡ್ ಈಟನ್ 2009ರಲ್ಲಿ ಒಂದು ಉದ್ದನೆಯ ಲೇಖನವನ್ನೇ ಬರೆದಿದ್ದಾರೆ. ದಖ್ಖನಿನ ಕೋಟೆಗಳಿಗೂ ಮದ್ದಿನ ಆಯುಧಗಳಿಗೂ ಇರುವ ಸಂಬಂಧ ತಿಳಿಯಬೇಕಾದವರು ಅದನ್ನು ಓದಬೇಕು.

ನನ್ನ ಕಣ್ಣು ನಿಂತದ್ದು ಬೇರೊಂದು ಕಡೆ. ಆ ಯುದ್ಧದ ಸದ್ದನ್ನು ನೂನಿಜ್ ಸುಮ್ಮನೆ ಬಿಟ್ಟಿಲ್ಲ. ನಗಾರಿ, ಕಹಳೆ, ಜನರ ಕೂಗು, ಆನೆ ಕುದುರೆಗಳ ಅಬ್ಬರ ಎಲ್ಲ ಸೇರಿ ಆಕಾಶವೇ ಕಳಚಿ ಬಿದ್ದಂತಾಯಿತು, ಮೇಲೆ ಹಾರುವ ಹಕ್ಕಿಗಳು ಬೆದರಿ ಜನರ ಕೈಗೆ ಬಿದ್ದವು, ಪಕ್ಕದವನನ್ನು ಏನಾದರೂ ಕೇಳಬೇಕಾದರೆ ಕೈಸನ್ನೆಯೇ ಗತಿ ಎಂಬ ಅರ್ಥದ ಮಾತು ಅವನ ಬರಹದಲ್ಲಿದೆ. ಹಕ್ಕಿಗೆ ಏನಾಯಿತೆಂದು ಬರೆದ. 400 ತೋಪಿಗೆ ಬತ್ತಿ ಇಟ್ಟವರ ಕಿವಿಗೆ ಏನಾಯಿತೆಂದು ಬರೆಯಲಿಲ್ಲ. ಅವನನ್ನು ದೂರುತ್ತಿಲ್ಲ. ಸತ್ತವರು, ಸಿಕ್ಕ ಆನೆ, ಸಿಕ್ಕ ಕುದುರೆ ಇವೆಲ್ಲ ಎಣಿಕೆಗೆ ಸಿಗುತ್ತವೆ. ಕಿವುಡು ರಕ್ತ ಬರುವ ಗಾಯವಲ್ಲ. ಅದು ಮನೆಗೆ ಹೋದ ಮೇಲೆ, ಹೆಂಡತಿ ಎರಡು ಸಲ ಕರೆದಾಗ ಗೊತ್ತಾಗುವ ಗಾಯ.

ಎಲ್ಲರ ಕಿವಿಯೂ ದಾಖಲೆಗೆ ಹೋಗುವುದಿಲ್ಲ ಅನ್ನುವುದಕ್ಕೆ ಹೊರದೇಶದ ಉದಾಹರಣೆ ಬೇಕೆಂದರೆ, 1782ರಲ್ಲಿ ಬ್ರಿಟಿಷ್ ಅಡ್ಮಿರಲ್ ರಾಡ್ನಿ ಇದ್ದಾನೆ. ತನ್ನ ಹಡಗು ಫಾರ್ಮಿಡಬಲ್‌ನಿಂದ 80 ಸಲ ತೋಪಿನ ಸಾಲು ಹಾರಿಸಿದ ಮೇಲೆ ಅವನು 14 ದಿನ ಕಿವುಡನಾಗಿದ್ದನಂತೆ. ಕಿವುಡಿನ ಚರಿತ್ರೆ ಬರೆದವರೆಲ್ಲ ಇದನ್ನು ಹೇಳುತ್ತಾರೆ. ಅಡ್ಮಿರಲ್ ಹಡಗಿನ ಮೇಲ್ಗಡೆ ಬಯಲಲ್ಲಿದ್ದ. ಕೆಳಗಿನ ಅಟ್ಟಣಿಗೆಯಲ್ಲಿ, ತಗ್ಗು ಮಾಡಿನ ಕೆಳಗೆ, ಆ ತೋಪುಗಳನ್ನೇ ತಬ್ಬಿಕೊಂಡು ನಿಂತಿದ್ದ ನೂರಾರು ಮಂದಿ ಎಷ್ಟು ದಿನ ಕಿವುಡರಾಗಿದ್ದರೋ ಆ ಕಥೆಯಲ್ಲಿ ಬರುವುದಿಲ್ಲ.

ಹಾಗಾದರೆ ನಮ್ಮಲ್ಲಿ ಕಿವಿ ಕಾಯುವ ಉಪಾಯ ಇರಲೇ ಇಲ್ಲವೆ? ಇತ್ತು ಎನ್ನುತ್ತದೆ ವಿಜಯಪುರದ ಕಥೆ. ಅಲ್ಲಿನ ಶೇರ್ಜಾ ಬುರುಜಿನ ಮೇಲೆ ‘ಮಲಿಕ್-ಎ-ಮೈದಾನ್’ ತೋಪು ಇದೆಯಲ್ಲ, ಬಾಯಿಯ ಕಡೆ ಸಿಂಹದ ಮುಖ, ಅದರ ಹಲ್ಲಿನಲ್ಲಿ ಸಿಕ್ಕ ಆನೆ. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ಎರಕದವನು ಮಾಡಿದ್ದು. ತೂಕ ಸುಮಾರು 55 ಟನ್, ಉದ್ದ 14 ಅಡಿಗೂ ಹೆಚ್ಚು, ಗುಂಡು ತುಂಬುವ ಬಾಯಿ ಎರಡು ಅಡಿಗಿಂತ ಅಗಲ. (1854ರಲ್ಲಿ ಇದನ್ನು ಗುಜರಿ ಲೆಕ್ಕದಲ್ಲಿ ಹರಾಜಿಗೆ ಇಟ್ಟಾಗ ಬಂದ ಹೆಚ್ಚಿನ ಕೂಗು 150 ರೂಪಾಯಿ. ಪುಣ್ಯಕ್ಕೆ ಹರಾಜು ರದ್ದಾಯಿತು.) ಬುರುಜಿನ ಮೇಲೆ ತೋಪಿನ ಹತ್ತಿರವೇ ಒಂದು ಚಿಕ್ಕ ನೀರಿನ ತೊಟ್ಟಿ ಇದೆ. ಗೈಡ್‌ಗಳು ತಪ್ಪದೆ ತೋರಿಸುತ್ತಾರೆ. ತೋಪಿಗೆ ಬತ್ತಿ ಇಟ್ಟವನು ಓಡಿ ಬಂದು ಈ ನೀರಿನಲ್ಲಿ ಮುಳುಗುತ್ತಿದ್ದನಂತೆ, ಇಲ್ಲದಿದ್ದರೆ ಸದ್ದಿಗೆ ಕಿವಿ ಹೋಗುತ್ತಿತ್ತಂತೆ.

ಡಿಪ್ಲೊಮಾ ಓದುವಾಗ ಪ್ರವಾಸದಲ್ಲಿ ಇದನ್ನು ಕೇಳಿ ನಾವೆಲ್ಲ ನಕ್ಕಿದ್ದೆವು. ಈಗ ನಗುವುದಿಲ್ಲ. ತೊಟ್ಟಿಯನ್ನು ಅದಕ್ಕೇ ಕಟ್ಟಿದ್ದೋ, ಬಿಸಿಯಾದ ತೋಪನ್ನು ಒರೆಸುವ ನೀರಿಗೋ, ಕುಡಿಯುವ ನೀರಿಗೋ, ಅದು ಬೇರೆ ಮಾತು. ಆದರೆ ಉಪಾಯದಲ್ಲಿ ಹುರುಳಿದೆ. ಗಾಳಿಯಲ್ಲಿ ಬರುವ ಸದ್ದು ನೀರಿನ ಮೇಲ್ಮೈಗೆ ಬಡಿದರೆ ಅದರ ಶಕ್ತಿಯಲ್ಲಿ ಸಾವಿರದ ಒಂದು ಪಾಲಷ್ಟೇ ನೀರಿನೊಳಗೆ ಇಳಿಯುತ್ತದೆ, ಉಳಿದದ್ದು ವಾಪಸು ಪುಟಿಯುತ್ತದೆ. ಡೆಸಿಬಲ್ ಲೆಕ್ಕದಲ್ಲಿ ಸುಮಾರು 30 ಕಡಿಮೆ. ಇವತ್ತಿನ ಒಳ್ಳೆಯ ಇಯರ್ ಪ್ಲಗ್ಗನ್ನು ಸರಿಯಾಗಿ ಹಾಕಿಕೊಂಡರೆ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಕಥೆ ಕಟ್ಟಿದವನಿಗೆ ಭೌತಶಾಸ್ತ್ರ ಗೊತ್ತಿಲ್ಲದಿದ್ದರೂ ಕೆರೆಯಲ್ಲಿ ಮುಳುಗಿದಾಗ ದಂಡೆಯ ಮಾತು ಕೇಳುವುದಿಲ್ಲ ಎಂಬುದು ಗೊತ್ತಿತ್ತು.

ಆ ಕಥೆಯಲ್ಲಿ ನನ್ನನ್ನು ಕಾಡುವುದು ತೊಟ್ಟಿಯ ಅಳತೆ. ಅದರಲ್ಲಿ ಒಬ್ಬಿಬ್ಬರು ಮುಳುಗಬಹುದು. 55 ಟನ್ ತೋಪಿಗೆ ಮದ್ದು ಹೊರುವವರು, ಗುಂಡು ಎತ್ತುವವರು, ಬುರುಜಿನ ಕಾವಲಿನವರು ಎಲ್ಲಿ ಮುಳುಗುತ್ತಿದ್ದರು? ಅವರ ಪಾಲಿಗೆ ಇದ್ದದ್ದು ಎರಡು ಬೆರಳು ಮತ್ತು ತೆರೆದ ಬಾಯಿ. ಬಾಯಿ ತೆರೆದು ನಿಲ್ಲುವ ರೂಢಿ ತೋಪಿನವರಲ್ಲಿ ಇವತ್ತಿಗೂ ಇದೆ. ಮೂಗಿನ ಹಿಂದಿನಿಂದ ಕಿವಿಯ ನಡುಭಾಗಕ್ಕೆ ಹೋಗುವ ನಾಳದ ಮೂಲಕ ಒತ್ತಡ ಎರಡೂ ಕಡೆ ಸಮವಾಗಿ, ಕಿವಿಯ ತಮಟೆ ಹರಿಯದಿರಲಿ ಎಂಬ ಲೆಕ್ಕ. ತಮಟೆಗೆ ಅದರಿಂದ ಸ್ವಲ್ಪ ಉಪಕಾರ ಆದೀತು. ಆದರೆ ನಿಜವಾದ ನಷ್ಟ ಆಗುವುದು ತಮಟೆಗಲ್ಲ, ಅದಕ್ಕಿಂತ ಒಳಗೆ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಭಾಗ ಇದೆ. ಅದರಲ್ಲಿ ಕೂದಲೆಳೆಯಂಥ ತುದಿ ಇರುವ ಜೀವಕೋಶಗಳು, ಒಂದು ಕಿವಿಗೆ ಸುಮಾರು 15,000. ಹುಟ್ಟುವಾಗ ಎಷ್ಟು ತಂದೆವೋ ಅಷ್ಟೇ, ಮನುಷ್ಯರಲ್ಲಿ ಅವು ಮತ್ತೆ ಬೆಳೆಯುವುದಿಲ್ಲ. ಜೋಳದ ಹೊಲಕ್ಕೆ ಬಿರುಗಾಳಿ ಹೊಡೆದಂತೆ ದೊಡ್ಡ ಸದ್ದು ಅವನ್ನು ಬಾಗಿಸುತ್ತದೆ. ಕೆಲವು ಒಂದೆರಡು ದಿನದಲ್ಲಿ ಎದ್ದು ನಿಲ್ಲುತ್ತವೆ, ಕೆಲವು ಮುರಿದೇ ಹೋಗುತ್ತವೆ. ಮೊದಲು ಹೋಗುವುದು 4,000 ಹರ್ಟ್ಸ್ ಆಸುಪಾಸಿನ ತೆಳು ಸದ್ದುಗಳನ್ನು ಹಿಡಿಯುವ ಭಾಗ. ಸ, ಶ, ಚ ಈ ಅಕ್ಷರಗಳ ಸೀಟಿ ಇರುವುದು ಆ ಮೇಲಿನ ಪಟ್ಟಿಯಲ್ಲೇ. ದೊಡ್ಡಪ್ಪನಿಗೆ ‘ಸಾಕು’ ಎಂಬುದರಲ್ಲಿ ‘ಆಕು’ ಚೆನ್ನಾಗಿ ಕೇಳಿಸುತ್ತದೆ. ಮುಂದಿನ ಅಕ್ಷರವನ್ನು ಅವರ ತಲೆ ತುಂಬಿಕೊಳ್ಳುತ್ತದೆ. ಸೌಟು ಕೈಯಲ್ಲಿದ್ದವನಿಗೆ ‘ಹಾಕು’ ಎಂದೇ ತುಂಬುತ್ತದೆ. ಜೋರಾಗಿ ಕೂಗಿದರೆ ‘ಆಕು’ ಜೋರಾಗುತ್ತದೆ, ಅಷ್ಟೇ. ಇಂಥವರ ಮುಂದೆ ಕಿರುಚಬೇಡಿ, ಎದುರು ಬಂದು ಬಿಡಿಸಿ ಹೇಳಿ ಅನ್ನುವುದು ಇದಕ್ಕೇ.

ರೈಫಲ್ಲಿನ ಒಂದು ಗುಂಡು ಹಾರಿದಾಗ ಹಾರಿಸಿದವನ ಕಿವಿಯ ಹತ್ತಿರ ಸದ್ದು 150ರಿಂದ 165 ಡೆಸಿಬಲ್ ಮುಟ್ಟುತ್ತದೆ. ಇಂಥ ಬಡಿತಕ್ಕೆ 140 ಗಡಿ ಎಂದು ಇಟ್ಟಿದ್ದಾರೆ. ಅದರ ಮೇಲೆ ಒಂದೇ ಒಂದು ಗುಂಡು ಸಾಕು. ಬಯಲಿನಲ್ಲಾದರೆ ಸದ್ದು ಹರಡಿ ಹೋಗುತ್ತದೆ. ಕೋಣೆಯೊಳಗೆ, ಬುರುಜಿನ ಕಮಾನಿನ ಕೆಳಗೆ, ಗಣಿಯ ಸುರಂಗದಲ್ಲಿ ಹಾಗಲ್ಲ. ನಾಲ್ಕು ಗೋಡೆ, ನೆಲ, ಮಾಡು ಎಲ್ಲ ಕಡೆಯಿಂದ ಅದೇ ಸದ್ದು ತಿರುಗಿ ತಿರುಗಿ ಬಡಿಯುತ್ತದೆ. ಪಕ್ಕದವನು ಹಾರಿಸಿದ್ದೂ ನಿಮ್ಮ ಪಾಲಿಗೇ. ಒಳಾಂಗಣ ಶೂಟಿಂಗ್ ರೇಂಜ್‌ನಲ್ಲಿ ಕಿವಿಯೊಳಗೆ ಪ್ಲಗ್, ಅದರ ಮೇಲೆ ಮಫ್, ಎರಡೂ ಬೇಕು ಎಂದು ಹೇಳುವುದು ಶೋಕಿಗಲ್ಲ. ಎರಡು ಹಾಕಿದರೆ ಲಾಭ ಎರಡು ಪಟ್ಟು ಆಗುವುದಿಲ್ಲ, ಒಂದೇ ಹಾಕಿದ್ದಕ್ಕಿಂತ 5ರಿಂದ 10 ಡೆಸಿಬಲ್ ಹೆಚ್ಚು ಸಿಗುತ್ತದೆ. ಅಂಥ ಜಾಗದಲ್ಲಿ ಆ 5 ಡೆಸಿಬಲ್ಲಿಗೂ ಬೆಲೆ ಇದೆ.

‘ಕಿವಿಗೆ ರೂಢಿ ಆಗಿಬಿಡ್ತದ’ ಅನ್ನುವವರು ನಮ್ಮಲ್ಲಿ ಬಹಳ. ಮೈಸೂರು ದಸರಾಕ್ಕೆ ಮುಂಚೆ ಅರಮನೆಯ ಆವರಣದಲ್ಲಿ ಆನೆ ಕುದುರೆಗಳನ್ನು ನಿಲ್ಲಿಸಿ ಕುಶಾಲತೋಪಿನ ತಾಲೀಮು ಮಾಡುತ್ತಾರೆ. ವಿಜಯದಶಮಿಯ ದಿನ 21 ಸುತ್ತು ಹಾರಿದಾಗ ಅವು ಬೆದರಬಾರದು ಅಂತ. ತಾಲೀಮಿನಿಂದ ಆನೆಗೆ ಹೆದರಿಕೆ ಹೋಗುತ್ತದೆ, ಆ ಸದ್ದಿನ ಪೆಟ್ಟು ಹೋಗುವುದಿಲ್ಲ. ಮನುಷ್ಯನ ರೂಢಿಯೂ ಅಷ್ಟೇ. ಮೊದಲಿನಷ್ಟು ಜೋರು ಅನಿಸುತ್ತಿಲ್ಲ ಎಂದರೆ ಅದು ಕಿವಿ ಗಟ್ಟಿಯಾದ ಗುರುತಲ್ಲ, ಸೋತ ಗುರುತು.

ಇಷ್ಟೆಲ್ಲ ಓದಿಕೊಂಡು ನಾನು ದೊಡ್ಡಪ್ಪನ ಎದುರು ಹೋಗಿ ಕೂತೆ. ನಿಮ್ಮ ಕಾಲದಲ್ಲಿ ಕಿವಿಗೆ ಹಾಕಿಕೊಳ್ಳಲು ಏನೂ ಕೊಡುತ್ತಿರಲಿಲ್ಲವೆ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಒಂದು ದೊಡ್ಡ ಅನ್ಯಾಯದ ಕಥೆ ಸಿಗುತ್ತದೆ ಎಂದು ಪೆನ್ನು ಹಿಡಿದು ಕೂತಿದ್ದೆ ಅನ್ನುವುದನ್ನು ಒಪ್ಪಿಕೊಳ್ಳಬೇಕು. ಅವರು ಹೇಳಿದ್ದು ಬೇರೆ.

‘ಕೊಡ್ತಿದ್ರಪಾ. ರಬ್ಬರಿನ ಬಿರಡಿ. ನಾನs ಹಾಕ್ಕೊಳ್ಳಿಲ್ಲ, ಕಿಸೆದಾಗ ಇರ್ತಿತ್ತು. ತೋಪಿನ ತಂಡದಾಗ ನಂಬರ್ ಒನ್ ಅಂತ ಇರ್ತಾನ, ಅವ ಹುಕುಂ ಕೊಡ್ತಾನ. ಅದು ಕೇಳಲಿಲ್ಲಂದ್ರ ಏನಾಕ್ಕೈತಿ ಗೊತ್ತೇನು? ತೋಪು ಒದ್ದು ಹಿಂದಕ ಬರೋ ಹೊತ್ತಿಗೆ ನಾ ಅದರ ಹಿಂದ ನಿಂತಿರ್ತೇನಿ. ಕಿವಿ ಉಳಸ್ಕೊಳ್ಳಾಕ ಹೋಗಿ ಜೀವ ಕಳ್ಕೊಳ್ಳೋದಾ?’

ಇದೇ ವಿಷಯದ ಗಂಟು ಅಂತ ನನಗೆ ಅನಿಸಿದ್ದು ಆಗ. ಯುದ್ಧದಲ್ಲಿ ಕಿವಿ ಕಾಪಾಡಬೇಕಾದ ಅಂಗ ಮಾತ್ರವಲ್ಲ, ಅದೇ ಸೈನಿಕನನ್ನು ಕಾಪಾಡುವ ಕಾವಲುಗಾರ. ಹಿಂದಿನಿಂದ ಬರುವ ಹೆಜ್ಜೆ, ಪಕ್ಕದವನ ಕೂಗು, ದೂರದ ಎಂಜಿನ್, ಎಲ್ಲ ಕಿವಿಯಿಂದಲೇ ಗೊತ್ತಾಗಬೇಕು. ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿ ಅವನನ್ನು ರಕ್ಷಿಸುತ್ತೇವೆ ಎಂದರೆ ಯಾರು ಒಪ್ಪುತ್ತಾರೆ?

ಈ ತೊಡಕು ಮೊದಲ ಮಹಾಯುದ್ಧದಲ್ಲೇ ಗೊತ್ತಾಗಿತ್ತು. ಆ ಯುದ್ಧಕ್ಕೆ ನಮ್ಮ ಭಾಗದ ನಂಟೂ ಇದೆ. ರಾಯಚೂರು ಆಗ ನಿಜಾಮರ ರಾಜ್ಯ. ಹೈದರಾಬಾದ್ ಲ್ಯಾನ್ಸರ್ಸ್ ಮತ್ತು ಮೈಸೂರು ಲ್ಯಾನ್ಸರ್ಸ್ ಒಂದೇ ಬ್ರಿಗೇಡಿನಲ್ಲಿ ಈಜಿಪ್ಟ್ ಕಡೆಗೆ ಹೋಗಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಮೈಸೂರು ಮತ್ತು ಜೋಧಪುರದ ಕುದುರೆ ಸವಾರರು ಗೆದ್ದರು. ಆ ಕಾಲದಲ್ಲಿ ಬ್ರಿಟಿಷ್ ಸೈನ್ಯದಲ್ಲಿ ಮ್ಯಾಲಕ್-ಆರ್ಮ್‌ಸ್ಟ್ರಾಂಗ್ ಎಂಬ ಹೆಸರಿನ ಕಿವಿಬಿರಡೆ ಬಳಕೆಯಲ್ಲಿತ್ತು. ಒಳಗೆ ತೆಳುವಾದ ಪೊರೆ ಇಟ್ಟು, ಮಾತು ದಾಟಿ ಬರಲಿ, ತೋಪಿನ ಪೆಟ್ಟು ಮಾತ್ರ ತಡೆಯಲಿ ಎಂಬ ಯೋಚನೆ. ಅದಿಲ್ಲದವರಿಗೆ ಹತ್ತಿ. ಒಣ ಹತ್ತಿ ತಡೆಯುವುದು ಬಹಳ ಕಡಿಮೆ. ಅದರ ಮುಖ್ಯ ಉಪಯೋಗ ಮನಸ್ಸಿನ ಸಮಾಧಾನ.

ನೂರು ವರ್ಷ ಕಳೆದರೂ ಅದೇ ಹುಡುಕಾಟ. ಅಮೆರಿಕದ ಸೈನಿಕರಿಗೆ ಇರಾಕ್, ಅಫ್ಘಾನಿಸ್ತಾನದ ಯುದ್ಧಗಳ ಕಾಲದಲ್ಲಿ ಎರಡು ತುದಿಯ ಪ್ಲಗ್ ಕೊಟ್ಟಿದ್ದರು. ಒಂದು ತುದಿ ಹಾಕಿಕೊಂಡರೆ ಎಲ್ಲ ಸದ್ದೂ ಬಂದ್. ತಿರುಗಿಸಿ ಇನ್ನೊಂದು ತುದಿ ಹಾಕಿಕೊಂಡರೆ ಮಾತು ಕೇಳುತ್ತದೆ, ಗುಂಡಿನ ಬಡಿತ ಮಾತ್ರ ತಗ್ಗುತ್ತದೆ. ಯೋಚನೆ ಚೆನ್ನಾಗಿತ್ತು. ಆದರೆ ಪ್ಲಗ್ ಗಿಡ್ಡವಾಗಿ ಕಿವಿಯಲ್ಲಿ ಸರಿಯಾಗಿ ಕೂರುವುದಿಲ್ಲ, ಕಂಪನಿಗೆ ಇದು ಗೊತ್ತಿತ್ತು ಎಂದು ಎರಡು ಲಕ್ಷಕ್ಕೂ ಹೆಚ್ಚು ಮಂದಿ ದಾವೆ ಹೂಡಿದರು. ತಪ್ಪು ಒಪ್ಪಿಕೊಳ್ಳದೆಯೇ 3ಎಂ ಕಂಪನಿ 2023ರಲ್ಲಿ ಸುಮಾರು 600 ಕೋಟಿ ಡಾಲರ್ ಕೊಡಲು ಒಪ್ಪಿತು. ನೂನಿಜ್ ಎಣಿಸದೆ ಬಿಟ್ಟ ಕಿವಿಗಳನ್ನು ಕೋರ್ಟು ಎಣಿಸಿತು ಅನ್ನಬಹುದೇನೋ.

ಈಗ ಮಸ್ಕಿಗೆ ಬರುತ್ತೇನೆ. ತೋಪಿಗೂ ಮಸ್ಕಿಗೂ ಏನು ಸಂಬಂಧ ಅನ್ನಬೇಡಿ, ದಾರಿ ಬಂಗಾರದ ಮೂಲಕ ಇದೆ. 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಅಶೋಕನ ಹೆಸರಿರುವ ಶಾಸನವನ್ನು ಕಂಡವನು ಪುರಾತತ್ವದವನಲ್ಲ, ಬೀಡನ್ ಎಂಬ ಬಂಗಾರದ ಗಣಿ ಎಂಜಿನಿಯರ್. ಬಂಗಾರ ಹುಡುಕುತ್ತ ಈ ಗುಡ್ಡಗಳಲ್ಲಿ ತಿರುಗುತ್ತಿದ್ದವನು. ಮಸ್ಕಿ ಈಚೆಗೆ ತಾಲ್ಲೂಕಾಯಿತು, ಊರಿನ ಹೆಸರು ಪುಸ್ತಕದಲ್ಲಿ ನಿಂತದ್ದು ಆ ಶಾಸನದಿಂದ. ಬಂಗಾರ ನಿಂತದ್ದು ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ.

ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಗಣಿ ಇತ್ತು. ಹಳಬರು ಸುಮಾರು 640 ಅಡಿ ಆಳದವರೆಗೆ ಇಳಿದಿದ್ದರು. ಮದ್ದಿಲ್ಲದ ಕಾಲ. ಬಂಡೆಗೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕುವುದು, ಕಾದ ಮೇಲೆ ನೀರು ಎರಚಿ ಸೀಳಿಸುವುದು, ಸುತ್ತಿಗೆಯಿಂದ ಒಡೆಯುವುದು. ಹೊಗೆಯಿಂದ ಎಷ್ಟು ಮಂದಿ ಸತ್ತರೋ. ಆದರೆ ಸಿಡಿಮದ್ದಿನ ಸದ್ದು ಆ ಗುಹೆಗಳಿಗೆ ಬಂದದ್ದು ನೊಬೆಲ್ಲನ ಡೈನಮೈಟ್ ಬಂದ ಮೇಲೆ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಬಂಡವಾಳದ ಕಂಪನಿ ಗಣಿ ತೆರೆದಾಗ. ಅದು 1920ರ ಹೊತ್ತಿಗೆ ಮುಚ್ಚಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಶುರುವಾಗಿ, 1956ರಲ್ಲಿ ಹಟ್ಟಿ ಗೋಲ್ಡ್ ಮೈನ್ಸ್ ಎಂದು ಹೆಸರು ಬದಲಾಯಿತು.

ಗಣಿಯಲ್ಲಿ ಕಿವಿ ತಿನ್ನುವುದು ಸ್ಫೋಟ ಎಂದು ಹೊರಗಿನವರು ತಿಳಿಯುತ್ತಾರೆ. ಸ್ಫೋಟ ಮಾಡುವಾಗ ಜನರನ್ನು ದೂರ ಕಳಿಸಿರುತ್ತಾರೆ. ಕಿವಿ ತಿನ್ನುವುದು ಅದಕ್ಕೆ ಮುಂಚೆ ಬಂಡೆಗೆ ತೂತು ಕೊರೆಯುವ ಡ್ರಿಲ್. ಗಾಳಿಯಿಂದ ನಡೆಯುವ ಆ ಯಂತ್ರದ ಸದ್ದು 110 ಡೆಸಿಬಲ್ ದಾಟುತ್ತದೆ, ಅದೂ ಕಿರಿದಾದ ಕಲ್ಲಿನ ಗೂಡಿನೊಳಗೆ. ನಮ್ಮ ದೇಶದ ಕಾರ್ಖಾನೆ ನಿಯಮದಲ್ಲಿ 90 ಡೆಸಿಬಲ್ಲಿಗೆ 8 ಗಂಟೆ, 100ಕ್ಕೆ 2 ಗಂಟೆ, 110ಕ್ಕೆ ಅರ್ಧ ಗಂಟೆ ಮಿತಿ. ಗಣಿ ಸುರಕ್ಷತಾ ನಿರ್ದೇಶನಾಲಯ 1975ರಲ್ಲೇ 115ರ ಮೇಲೆ ಕಿವಿಗೆ ರಕ್ಷಣೆ ಇಲ್ಲದೆ ಯಾರೂ ಹೋಗಬಾರದು ಎಂದು ಸುತ್ತೋಲೆ ಹೊರಡಿಸಿತ್ತು. ಸದ್ದಿನಿಂದ ಬರುವ ಕಿವುಡು ಕಾರ್ಮಿಕ ಕಾನೂನಿನ ರೋಗಪಟ್ಟಿಯಲ್ಲಿದೆ, ಪರಿಹಾರದ ಪಟ್ಟಿಯಲ್ಲೂ ಇದೆ. ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ಮೂಟೆ ಹೊರುವವರನ್ನು ಕೇಳಿದೆ. ಕೈ ಹೋದರೆ ಪರಿಹಾರ ಉಂಟೆಂದು ಗೊತ್ತಿತ್ತು. ಕಿವಿ ಹೋದರೂ ಉಂಟು ಅಂದರೆ ನಕ್ಕರು.

ಗಣಿಯಲ್ಲೂ ದೊಡ್ಡಪ್ಪನ ಗಂಟೇ ಇದೆ. ಸ್ಫೋಟದ ಮೇಲೆ ಒಳಗೆ ಹೋದವರು ಮೊದಲು ಮಾಡುವ ಕೆಲಸ ಕಬ್ಬಿಣದ ಸಲಾಕೆಯಿಂದ ಮೇಲಿನ ಬಂಡೆ ತಟ್ಟುವುದು. ಗಟ್ಟಿ ಬಂಡೆ ಠಣ್ ಅನ್ನುತ್ತದೆ, ಸಡಿಲವಾದದ್ದು ಬೊಳ್ಳು ಸದ್ದು ಕೊಡುತ್ತದೆ. ಆ ವ್ಯತ್ಯಾಸ ತಿಳಿಯದಿದ್ದರೆ ಬಂಡೆ ತಲೆಯ ಮೇಲೆ. ಜೀವ ಉಳಿಸುವ ಈ ಕೆಲಸ ಕಿವಿಯದು. ಅದನ್ನೇ ಡ್ರಿಲ್ ತಿನ್ನುತ್ತ ಬರುತ್ತದೆ. ಹೀಗಾಗಿ ಪ್ಲಗ್ ಕೊಟ್ಟೆವು, ಸಹಿ ಹಾಕಿಸಿಕೊಂಡೆವು ಅಂದರೆ ಎಲ್ಲಿಯೂ ಕೆಲಸ ಮುಗಿಯುವುದಿಲ್ಲ. ಕೊರೆಯುವಾಗ ಹಾಕು, ತಟ್ಟುವಾಗ ತೆಗೆ, ತೆಗೆದದ್ದನ್ನು ಚೊಕ್ಕ ಇಡು, ಮತ್ತೆ ಹಾಕು ಎಂದು ಕೂತು ಕಲಿಸಬೇಕು. ಕಲಿಸದಿದ್ದರೆ ಅದು ಕಿಸೆಯಲ್ಲೇ ಇರುತ್ತದೆ.

ಹಾಕುವ ರೀತಿಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಾನೇ ತಪ್ಪಾಗಿ ಹಾಕುತ್ತಿದ್ದೆ. ಫೋಮ್ ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ಸಣ್ಣ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆಯಬೇಕು, ಆಗ ಒಳಗಿನ ದಾರಿ ನೆಟ್ಟಗಾಗುತ್ತದೆ. ಪ್ಲಗ್ ಒಳಗೆ ಇಟ್ಟು ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಬೇಕು. ಹೊರಗಿನಿಂದ ಪೂರ್ತಿ ಕಾಣುತ್ತಿದ್ದರೆ ಅದು ಕೂತಿಲ್ಲ. ಮಫ್ ಆದರೆ ಕನ್ನಡಕದ ಕಡ್ಡಿಯ ಸಂದಿಯಲ್ಲಿ ಸದ್ದು ನುಗ್ಗುತ್ತದೆ, ನೋಡಿಕೊಳ್ಳಬೇಕು. ಗುಂಡು ಪಟಾಕಿ ಯಾವುದೇ ಸದ್ದಿನ ಮೇಲೆ ಕಿವಿ ಗುಂಯ್‌ಗುಟ್ಟುವುದು, ಮುಚ್ಚಿದಂತಾಗುವುದು ಮರುದಿನವೂ ಇದ್ದರೆ ಕಾಯದೆ ಕಿವಿ ಡಾಕ್ಟರಿಗೆ ತೋರಿಸಬೇಕು. ಬಿಸಿ ಎಣ್ಣೆ ಬಿಡಬಾರದು.

ಇದನ್ನು ಸೈನಿಕರಿಗಷ್ಟೇ ಹೇಳುತ್ತಿಲ್ಲ. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಬೆಳೆ ಕಾಯಲು ಲೈಸೆನ್ಸ್ ಬಂದೂಕು ಇಟ್ಟುಕೊಂಡವರಿದ್ದಾರೆ, ಚುನಾವಣೆ ಬಂದಾಗ ಠಾಣೆಗೆ ತಂದು ಒಪ್ಪಿಸುತ್ತಾರೆ. ಸಿಂಧನೂರಿನ ಭತ್ತದ ಗದ್ದೆಗಳ ಕಡೆ ಹುಡುಗರು ಪ್ಲಾಸ್ಟಿಕ್ ಪೈಪಿಗೆ ಕಾರ್ಬೈಡ್ ಹಾಕಿ ಹಕ್ಕಿ ಓಡಿಸುವುದನ್ನು ನೋಡಿದ್ದೇನೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದೇ ಪೈಪು ಎಷ್ಟೋ ಮಕ್ಕಳ ಕಣ್ಣು ಕೆಡಿಸಿದ್ದು ಸುದ್ದಿಯಾಯಿತು. ಕಿವಿ ಸುದ್ದಿಯಾಗಲಿಲ್ಲ. ನನ್ನ ಬಲಗಿವಿಯಲ್ಲೂ ರಾತ್ರಿ ಒಂದು ಜೀರುಂಡೆ ಕೂಗುತ್ತದೆ. ಕಾಲೇಜಿನಲ್ಲಿದ್ದಾಗ ಒಂದು ಶಿಬಿರದಲ್ಲಿ ಸಾಲಾಗಿ ಮಲಗಿ ರೈಫಲ್ ಹಾರಿಸಿದ ದಿನದಿಂದ ಅದು ಇದೆ. ಅವತ್ತು ಹತ್ತಿ ಕೇಳಿದವನನ್ನು ನಾವೇ ಗೆಳೆಯರು ಹೆಣ್ಣಿಗ ಎಂದು ಆಡಿಕೊಂಡಿದ್ದೆವು.

ಹೋದ ತಿಂಗಳು ದೊಡ್ಡಪ್ಪನನ್ನು ಶ್ರವಣ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಕಾಗದದ ಮೇಲೆ ಗೆರೆ ಎಡದಿಂದ ಸಮತಟ್ಟಾಗಿ ಬಂದು 2,000 ದಾಟಿದ ಮೇಲೆ ಬುರುಜಿನಿಂದ ಕೆಳಗೆ ಬಿದ್ದಂತೆ ಇಳಿದಿತ್ತು. ಪರೀಕ್ಷೆ ಮಾಡಿದ ಹುಡುಗಿ ಅವರ ಕೆಲಸ ಏನಿತ್ತೆಂದು ಕೇಳುವ ಮೊದಲೇ ‘ಅಜ್ಜಾರು ಮಿಲಿಟ್ರಿಯಾಗಿದ್ರೇನು?’ ಅಂದಳು. ಈಗ ಎರಡೂ ಕಿವಿಗೆ ಯಂತ್ರ ಬಂದಿದೆ. ಮನೆಯಲ್ಲಿ ಹಾಕಿಕೊಳ್ಳುತ್ತಾರೆ. ಮದುವೆ ಮನೆಯ ಗದ್ದಲದಲ್ಲಿ ಎಲ್ಲ ಸದ್ದೂ ಒಟ್ಟಿಗೆ ದೊಡ್ಡದಾಗುತ್ತದೆ ಅಂತ ತೆಗೆದು ಕಿಸೆಗೆ ಹಾಕುತ್ತಾರೆ, ಹಳೆಯ ಬಿರಡೆಯ ಹಾಗೇ.

ಮೊನ್ನೆ ಮಸ್ಕಿಯಲ್ಲಿ ಇನ್ನೊಂದು ಮದುವೆ ಇತ್ತು. ಸೌಟು ಮತ್ತೆ ಅವರ ಕೈಯಲ್ಲೇ. ದೊಡ್ಡಮ್ಮ ಮೊದಲೇ ಪಂಕ್ತಿಯ ಉದ್ದಕ್ಕೂ ಓಡಾಡಿ ಎಲ್ಲರಿಗೂ ಒಂದು ಮಾತು ಹೇಳಿ ಬಂದಿದ್ದರು. ಯಾರೂ ‘ಸಾಕು’ ಅನ್ನಲಿಲ್ಲ. ಹುಗ್ಗಿ ಬೇಡವಾದವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು. ದೊಡ್ಡಪ್ಪ ಕೈ ನೋಡಿಕೊಂಡು ಮುಂದಿನ ಎಲೆಗೆ ಹೋದರು.